ಕುದಿಸಿದ್ರೂ ಕೆಲಸ ಮಾಡಿದ ಟಿಎನ್‌ಎಫ್

ಒಂದೇ ಟ್ಯೂಬ್‌ನಿಂದ ತೆಗೆದ ಮೌಸ್ ಟಿಎನ್‌ಎಫ್-ಆಲ್ಫಾ, ಅಂದ್ರೆ ಉರಿಯೂತ ಎಬ್ಬಿಸುವ ಇಲಿಯ ಒಂದು ಪ್ರೋಟೀನ್, ಒಂದು ಸೆಲ್‌ಲೈನ್‌ನಲ್ಲಿ (ಲ್ಯಾಬ್‌ನಲ್ಲಿ ಬೆಳೆಸ್ತಾ ಇಡುವ ಸೆಲ್ ತಳಿ) ಜೋರು ಕೆಲಸ ಮಾಡ್ತದೆ, ಇನ್ನೊಂದರಲ್ಲಿ ಎಂತದೂ ಇಲ್ಲ. ಕೇಳಿದ್ರೆ ನಂಬುವ ಮಾತಲ್ಲ, ಆದ್ರೆ ಕಾಸರಗೋಡು ಕಡೆಯ ಒಂದು ಕಾಲೇಜ್ ಲ್ಯಾಬ್‌ನಲ್ಲಿ ಕಳೆದ ಮಳೆಗಾಲ ಆದದ್ದು ಹಾಗೇ. ರಿಕಾಂಬಿನೆಂಟ್ ಸೈಟೋಕೈನ್ (ಬ್ಯಾಕ್ಟೀರಿಯಾದಂಥ ಬೇರೆ ಜೀವಿಯಲ್ಲಿ ಜೀನ್ ಸೇರಿಸಿ ಮಾಡಿಸಿದ ಇಂಥ ಸಿಗ್ನಲ್ ಪ್ರೋಟೀನ್) ತರಿಸಿ ಕೆಲಸ ಮಾಡುವ ಸಣ್ಣ ಲ್ಯಾಬ್‌ಗಳಿಗೆ ಈ ಕೇಸ್ ಉಪಯೋಗ ಆದೀತು ಅಂತ ಪೂರ್ತಿ ಬರೀತಾ ಇದ್ದೇನೆ. ನಾನು ಆ ಲ್ಯಾಬ್‌ನವಳಲ್ಲ, ಪಕ್ಕದ ಡಿಪಾರ್ಟ್‌ಮೆಂಟ್‌ನವಳು, ಟಿಎನ್‌ಎಫ್ ಪರೀಕ್ಷೆಗೆ ಬೇಕಾದ ಎಲ್929 ಸೆಲ್ ನಮ್ಮಲ್ಲಿ ಇದ್ದ ಕಾರಣ ಇದರೊಳಗೆ ಬಂದದ್ದು.

ಕೆಲಸ ಮಾಡ್ತಾ ಇದ್ದದ್ದು ಪೆರ್ಲ ಕಡೆಯ ಒಬ್ಬಳು ಪಿಎಚ್‌ಡಿ ಹುಡುಗಿ. ವಿಷಯ ಪುನರ್ಪುಳಿ (ಕೋಕಂ). ಪುನರ್ಪುಳಿ ಸಿಪ್ಪೆಯ ಎಕ್ಸ್‌ಟ್ರಾಕ್ಟ್ ಉರಿಯೂತವನ್ನು ಕಡಿಮೆ ಮಾಡ್ತದಾ ಇಲ್ವಾ ಅಂತ ನೋಡುದು. ನಮ್ಮ ಊರಲ್ಲಿ ಪಿತ್ತಕ್ಕೆ ಸೆಖೆಗೆ ಎಲ್ಲದಕ್ಕೂ ಪುನರ್ಪುಳಿ ಸಾರು ಕುಡಿಸ್ತಾರಲ್ಲ, ಹಾಗಾಗಿ ಗೈಡ್ ಟೀಚರಿಗೂ ಅದರ ಮೇಲೆ ಪ್ರೀತಿ ಜಾಸ್ತಿ. ಮಾಡೆಲ್ ಸರಳ. ರಾ 264.7 ಅಂತ ಇಲಿಯ ಮ್ಯಾಕ್ರೋಫೇಜ್ ಸೆಲ್‌ಲೈನ್ ಉಂಟು, ಪುಣೆಯ ಸೆಲ್ ಬ್ಯಾಂಕ್ ಎನ್‌ಸಿಸಿಎಸ್‌ನಿಂದ ತರಿಸಿದ್ದು. ಅದಕ್ಕೆ ಮಿಲಿಲೀಟರಿಗೆ 10 ನ್ಯಾನೋಗ್ರಾಂ ಮೌಸ್ ಟಿಎನ್‌ಎಫ್ ಹಾಕುದು, ಸೆಲ್ ಸಿಟ್ಟಾಗಿ ನೈಟ್ರಿಕ್ ಆಕ್ಸೈಡ್ ಬಿಡ್ತದೆ, ಅದು ಮೀಡಿಯಂನಲ್ಲಿ ನೈಟ್ರೈಟ್ ಆಗಿ ಕೂತದ್ದನ್ನು ನೈಟ್ರೈಟ್ ಇದ್ರೆ ಬಣ್ಣ ಬರುವ ಗ್ರೀಸ್ ರಿಯೇಜೆಂಟ್ ಹಾಕಿ 540 ನ್ಯಾನೋಮೀಟರ್‌ನಲ್ಲಿ ಓದುದು, ಎಕ್ಸ್‌ಟ್ರಾಕ್ಟ್ ಹಾಕಿದ ಬಾವಿಗಳಲ್ಲಿ (ಪ್ಲೇಟ್‌ನ ಸಣ್ಣ ಗುಂಡಿಗಳು) ಅದು ಎಷ್ಟು ಇಳಿದಿದೆ ನೋಡುದು. ಅಷ್ಟೇ.

ರಿಸಲ್ಟ್ ಮೊದಮೊದಲು ಸಾಧಾರಣ ಇತ್ತು, ಟಿಎನ್‌ಎಫ್ ಹಾಕಿದ ಬಾವಿಗಳಲ್ಲಿ ನೈಟ್ರೈಟ್ ಚೂರು ಚೂರು ಏರ್ತಿತ್ತು. ಜೂನ್ ಕಳೆದು ಜುಲೈ ಬರುವಾಗ ಏರಿದ್ದು ನೋಡಬೇಕು, ಗ್ರಾಫ್‌ನ ಕಂಬ ಪೇಪರಿನಿಂದ ಹೊರಗೆ ಹೋಗುವಷ್ಟು, ಮತ್ತೆ ಎಕ್ಸ್‌ಟ್ರಾಕ್ಟ್ ಅದನ್ನು ಚಂದ ಮಾಡಿ ಇಳಿಸ್ತದೆ, ಡೋಸ್ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ. ಎಲ್ಲರಿಗೂ ಖುಷಿ. ಟೀಚರ್ ಆಗ್ಲೇ ಚಾಪ್ಟರಿಗೆ ಹೆಸರು ಇಟ್ಟಾಗಿತ್ತು, ಪುನರ್ಪುಳಿ ಟಿಎನ್‌ಎಫ್ ಸಿಗ್ನಲನ್ನು ತಡೀತದೆ ಅಂತ.

ನನ್ನನ್ನು ಕೇಳಿದ್ರೆ ಸಂಶಯ ಅಲ್ಲೇ ಬರಬೇಕಿತ್ತು. ರಾ ಸೆಲ್‌ಗೆ ಟಿಎನ್‌ಎಫ್ ಒಂದೇ ಹಾಕಿದ್ರೆ ನೈಟ್ರೈಟ್ ಅಷ್ಟು ಬರುವ ಕ್ರಮ ಇಲ್ಲ. ಜೊತೆಗೆ ಇಂಟರ್‌ಫೆರಾನ್ ಗಾಮಾ ಅಂತ ಇನ್ನೊಂದು ಸೈಟೋಕೈನ್ ಹಾಕಿದ್ರೆ ಎರಡೂ ಸೇರಿ ಜೋರಾಗ್ತದೆ, ಬ್ಯಾಕ್ಟೀರಿಯಾದ ಎಲ್‌ಪಿಎಸ್ ಹಾಕಿದ್ರಂತೂ ಕೇಳುದೇ ಬೇಡ, ಬರೇ ಟಿಎನ್‌ಎಫ್‌ಗೆ ಅದು ಮಂದವೇ. ಒಳ್ಳೆ ರಿಸಲ್ಟ್ ಬಂದಾಗ ಯಾಕೆ ಬಂತು ಅಂತ ಯಾರೂ ಕೇಳ್ಲಿಕ್ಕಿಲ್ಲ, ಕೆಟ್ಟದ್ದು ಬಂದ್ರೆ ಮಾತ್ರ ವಿಚಾರಣೆ.

ವಿಚಾರಣೆ ಶುರು ಆದದ್ದು ಬೇರೆ ದಾರಿಯಲ್ಲಿ. ಪ್ರೋಗ್ರೆಸ್ ರಿಪೋರ್ಟ್ ಓದಿದ ಹೊರಗಿನ ಎಕ್ಸ್‌ಪರ್ಟ್ ಒಬ್ರು ಒಂದು ಸಾಲು ಬರೆದಿದ್ರು, ನೀವು ಬಳಸುವ ಟಿಎನ್‌ಎಫ್‌ನ ಆಕ್ಟಿವಿಟಿ ನಿಮ್ಮ ಲ್ಯಾಬ್‌ನಲ್ಲೇ ಪರೀಕ್ಷೆ ಮಾಡಿದ್ದೀರಾ ಅಂತ. ಅದಕ್ಕೆ ಬೇಕಾದದ್ದು ಎಲ್929. ಹಾಗೆ ಅವಳು ಐಸ್ ಡಬ್ಬಿ ಹಿಡ್ಕೊಂಡು ನಮ್ಮ ಲ್ಯಾಬ್‌ಗೆ ಬಂದ್ಲು, "ಅಕ್ಕ, ಒಂದು ಪ್ಲೇಟ್ ಹಾಕಿ ಕೊಡ್ತೀರಾ, ಸುಮ್ಮನೆ ಫಾರ್ಮಾಲಿಟಿಗೆ" ಅಂತ.

ಎಲ್929 ಅಂದ್ರೆ ಸಿ3ಎಚ್ ಇಲಿಯಿಂದ 1940ರ ದಶಕದಲ್ಲಿ ಬಂದ ಫೈಬ್ರೋಬ್ಲಾಸ್ಟ್ ಜಾತಿಯ ಸೆಲ್. ಇದಕ್ಕೆ ಆಕ್ಟಿನೋಮೈಸಿನ್ ಡಿ ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಹಾಕಿ ಮೇಲಿಂದ ಟಿಎನ್‌ಎಫ್ ಕೊಟ್ರೆ ಮಾರನೇ ದಿನಕ್ಕೆ ಸಾಯ್ತದೆ. ಆಕ್ಟಿನೋಮೈಸಿನ್ ಯಾಕೆ ಅಂದ್ರೆ, ಟಿಎನ್‌ಎಫ್ ತಾಗಿದ ಸೆಲ್ ಒಂದು ಕಡೆ ಸಾಯುವ ದಾರಿ ಹಿಡೀತದೆ ಇನ್ನೊಂದು ಕಡೆ ಬದುಕ್ಲಿಕ್ಕೆ ಬೇಕಾದ ಪ್ರೋಟೀನ್ ಹೊಸದಾಗಿ ಮಾಡ್ಲಿಕ್ಕೂ ಹೊರಡ್ತದೆ, ಆ ಎರಡನೆಯದ್ದನ್ನು ಇದು ನಿಲ್ಲಿಸ್ತದೆ. ಬದುಕಿದ ಸೆಲ್‌ಗೆ ನೇರಳೆ ಬಣ್ಣ ಕೊಡುವ ಕ್ರಿಸ್ಟಲ್ ವಯಲೆಟ್ ಹಾಕಿ ಉಳಿದ ಸೆಲ್ ಎಷ್ಟು ನೋಡಿದ್ರೆ ಆಯ್ತು, ಅರ್ಧ ಸೆಲ್ ಸಾಯುವ ಡೋಸೇ ಇಡಿ50. ಕಂಪೆನಿಯ ಸರ್ಟಿಫಿಕೇಟಿನಲ್ಲಿ ಅದು ಮಿಲಿಲೀಟರಿಗೆ 0.1 ನ್ಯಾನೋಗ್ರಾಂಗಿಂತ ಕಡಿಮೆ ಅಂತ ಇತ್ತು. ಯೂನಿಟ್ ಲೆಕ್ಕ ಬೇಕಾದ್ರೆ 10 ಲಕ್ಷವನ್ನು ಈ ನ್ಯಾನೋಗ್ರಾಂ ಸಂಖ್ಯೆಯಿಂದ ಭಾಗಿಸಿದ್ರೆ ಒಂದು ಮಿಲಿಗ್ರಾಂಗೆ ಎಷ್ಟು ಯೂನಿಟ್ ಸಿಗ್ತದೆ, ಅಂದ್ರೆ ಇಲ್ಲಿ 1 ಕೋಟಿಗಿಂತ ಮೇಲೆ.

ಅವಳ ಟ್ಯೂಬ್‌ನದ್ದು 10 ನ್ಯಾನೋಗ್ರಾಂ ಹಾಕಿದ್ರೂ ಅರ್ಧ ಸೆಲ್ ಸಾಯ್ಲಿಲ್ಲ. ಲೇಬಲ್ ಹೇಳಿದ್ದಕ್ಕಿಂತ ನೂರು ಪಟ್ಟು ಹೆಚ್ಚು ಕೊಟ್ರೂ ಇಲ್ಲ. ಪ್ಲೇಟ್ ಪೂರ್ತಿ ನೇರಳೆ ಬಣ್ಣ.

ಅವಳಿಗೆ ಮುಖ ಸಣ್ಣ ಆಯ್ತು. "ಆದ್ರೆ ಅಕ್ಕ, ರಾ ಸೆಲ್‌ನಲ್ಲಿ ಇದೇ ಟ್ಯೂಬ್ ಇಷ್ಟು ಚಂದ ಕೆಲಸ ಮಾಡ್ತದಲ್ಲ."

ಲ್ಯಾಬ್ ಮೀಟಿಂಗಲ್ಲಿ ಮೊದಲು ಬೈಸಿಕೊಂಡದ್ದು ಕೊರಿಯರ್. ಪಾರ್ಸೆಲ್ ಮಂಗಳೂರಿಂದ ತಲಪಾಡಿ ದಾಟಿ ಬರುವಷ್ಟರಲ್ಲಿ ಜೆಲ್ ಪ್ಯಾಕ್ ನೀರಾಗಿತ್ತು, ಅದು ಎಲ್ಲರಿಗೂ ನೆನಪಿತ್ತು, ಟೀಚರ್ ಕಂಪೆನಿಗೆ ಖಾರದ ಮೈಲ್ ಟೈಪ್ ಮಾಡ್ಲಿಕ್ಕೆ ಕೂತಾಗಿತ್ತು. ನಾನು ನಿಲ್ಲಿಸಿದೆ. ವಯಲ್‌ನಲ್ಲಿ ಬರುದು ಲಯೋಫಿಲೈಸ್ ಮಾಡಿದ ಒಣ ಪುಡಿ, ಅದು ನಾಲ್ಕು ದಿನ ಸೆಖೆಯಲ್ಲಿ ಇದ್ರೆ ಹಾಗೆಲ್ಲ ಹಾಳಾಗುದಿಲ್ಲ, ಹಾಳಾಗುದು ನೀರು ಹಾಕಿದ ಮೇಲೆ. ಅದೂ ಅಲ್ಲದೆ ಅದೇ ಪಾರ್ಸೆಲ್‌ನಲ್ಲಿ ಅದೇ ಲಾಟ್‌ನ ಎರಡನೇ ವಯಲ್ ಬಂದಿತ್ತು, ಒಡೀದೆ ಇಟ್ಟದ್ದು. ಅದನ್ನು ತಂದು ಮೊದಲು ಒಂದು ಸುತ್ತು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮುಚ್ಚಳಕ್ಕೆ ಅಂಟಿದ ಪುಡಿಯೂ ಕೆಳಗೆ ಬರಬೇಕಲ್ಲ, ಮತ್ತೆ ಲೇಬಲ್ ಹೇಳಿದ ಹಾಗೆ ಕರಗಿಸಿ, ವೋರ್ಟೆಕ್ಸ್ ಮಾಡದೆ ಮೆಲ್ಲ ಆಡಿಸಿ, ಅದೇ ದಿನ ಎಲ್929ಗೆ ಹಾಕಿದೆವು. ಸರ್ಟಿಫಿಕೇಟಿನಲ್ಲಿ ಬರೆದ ಹಾಗೇ ಸಾಯ್ತು. ಕಂಪೆನಿ ಬಚಾವ್, ಕೊರಿಯರ್ ಬಚಾವ್.

ನಡುವೆ ಒಬ್ರು ಹೇಳಿದ್ರು, ಪಕ್ಕದ ಕಾಲೇಜಿನಲ್ಲಿ ಹ್ಯೂಮನ್ ಟಿಎನ್‌ಎಫ್ ಉಂಟು, ಅದನ್ನೇ ಸಾಲ ತರುವ ಅಂತ. ಬೇಡ ಅಂತ ಬಿಟ್ಟದ್ದು ಒಳ್ಳೇದಾಯ್ತು. ಟಿಎನ್‌ಎಫ್ ಹಿಡಿಯುವ ರಿಸೆಪ್ಟರ್ ಅಂತ ಎರಡು ಪ್ರೋಟೀನ್ ಸೆಲ್ ಮೇಲೆ ಉಂಟು, ಮನುಷ್ಯರ ಟಿಎನ್‌ಎಫ್ ಇಲಿಯ ಮೊದಲನೇ ರಿಸೆಪ್ಟರಿಗೆ ಮಾತ್ರ ಕೂರ್ತದೆ, ಎರಡನೆಯದ್ದಕ್ಕೆ ಕೂರುದಿಲ್ಲ. ಎಲ್929 ಅದರಲ್ಲೂ ಸತ್ತೀತು, ಯಾಕೆಂದ್ರೆ ಸಾಯಿಸುದು ಮೊದಲನೇ ರಿಸೆಪ್ಟರ್, ಆದ್ರೆ ಮ್ಯಾಕ್ರೋಫೇಜ್ ಕಥೆ ಇನ್ನೂ ಗೊಂದಲ ಆಗ್ತಿತ್ತು.

ಈಗ ನಿಜವಾದ ಪ್ರಶ್ನೆ. ಟ್ಯೂಬ್‌ನಲ್ಲಿ ಟಿಎನ್‌ಎಫ್ ಸತ್ತಿದೆ ಅಂತಾದ್ರೆ ರಾ ಸೆಲ್ ಯಾರ ಮಾತು ಕೇಳಿ ಇಷ್ಟು ನೈಟ್ರಿಕ್ ಆಕ್ಸೈಡ್ ಮಾಡ್ತಾ ಉಂಟು? ಎಲ್929 ಈ ಪರೀಕ್ಷೆಯಲ್ಲಿ ಕೇಳುದು ಒಂದೇ ಪ್ರಶ್ನೆ, ಟಿಎನ್‌ಎಫ್ ಉಂಟಾ ಅಂತ. ಮ್ಯಾಕ್ರೋಫೇಜ್ ಹಾಗಲ್ಲ, ಬ್ಯಾಕ್ಟೀರಿಯಾದ ಸಣ್ಣ ತುಂಡು ಕಂಡ್ರೂ ಅದು ಎದ್ದು ನಿಲ್ತದೆ, ಅದರ ಕೆಲಸವೇ ಅದು. ಅದರಲ್ಲೂ ಇ. ಕೋಲಿಯಂಥ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್, ಎಂಡೋಟಾಕ್ಸಿನ್ ಅಂತ ಹೇಳ್ತೇವಲ್ಲ ಅದು, ಟಿಎಲ್‌ಆರ್4 ಅಂತ ಇನ್ನೊಂದು ರಿಸೆಪ್ಟರ್ ಮೂಲಕ ಒಳಗೆ ಸುದ್ದಿ ಮುಟ್ಟಿಸ್ತದೆ. ಟಿಎನ್‌ಎಫ್‌ಗೂ ಎಂಡೋಟಾಕ್ಸಿನ್‌ಗೂ ನಂಟು ಹಳೇದು. 1975ರಲ್ಲಿ ನ್ಯೂಯಾರ್ಕಿನಲ್ಲಿ ಲಾಯ್ಡ್ ಓಲ್ಡ್ ಅವರ ಗುಂಪು ಟಿಎನ್‌ಎಫ್ ಅಂತ ಹೆಸರಿಟ್ಟದ್ದೇ ಬಿಸಿಜಿ ಕೊಟ್ಟು ಮತ್ತೆ ಎಂಡೋಟಾಕ್ಸಿನ್ ಚುಚ್ಚಿದ ಇಲಿಗಳ ಸೀರಂನಲ್ಲಿ ಸಿಕ್ಕಿದ ವಸ್ತುವಿಗೆ. ಇಲಿಯ ಟಿಎನ್‌ಎಫ್ ಮೇಲೆ ಕೆಲಸ ಮಾಡ್ತಿದ್ದ ಬ್ರೂಸ್ ಬಾಯ್ಟ್ಲರ್ ಅದೇ ಜಾಡು ಹಿಡಿದು 1998ರಲ್ಲಿ ಟಿಎಲ್‌ಆರ್4 ತನಕ ಮುಟ್ಟಿದ್ರು, ಎಲ್‌ಪಿಎಸ್ ಕೊಟ್ರೂ ಜಗ್ಗದ ಸಿ3ಎಚ್/ಹೆಚ್‌ಇಜೆ ಇಲಿಗಳಲ್ಲಿ ಆ ಜೀನ್ ಕೆಟ್ಟಿತ್ತು, 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಈ ಕೆಲಸಕ್ಕೆ. ಹಾಗಾಗಿ ಟಿಎನ್‌ಎಫ್ ಹೆಸರಲ್ಲಿ ಎಲ್‌ಪಿಎಸ್ ಆಟ ಆಡುದು ಹೊಸತೇನಲ್ಲ.

ಎಂಡೋಟಾಕ್ಸಿನ್ ಅಂದ ಕೂಡ್ಲೇ ಮತ್ತೆ ಎಲ್ಲರ ಬೆರಳು ವಯಲ್ ಕಡೆಗೇ, ಇ. ಕೋಲಿಯಲ್ಲಿ ಬೆಳೆಸಿದ ಪ್ರೋಟೀನ್ ಅಲ್ವಾ ಅಂತ. ಇಲ್ಲಿ ಪೆನ್ ಹಿಡಿದು ಲೆಕ್ಕ ಹಾಕಬೇಕು, ಈ ಲೆಕ್ಕ ಹಾಕದವರೇ ಹೆಚ್ಚು. ಸರ್ಟಿಫಿಕೇಟಿನಲ್ಲಿ 1 ಮೈಕ್ರೋಗ್ರಾಂ ಪ್ರೋಟೀನಿಗೆ 1 ಇಯುಗಿಂತ (ಎಂಡೋಟಾಕ್ಸಿನ್ ಅಳೆಯುವ ಯೂನಿಟ್) ಕಡಿಮೆ ಎಂಡೋಟಾಕ್ಸಿನ್ ಅಂತ ಉಂಟು. ಅವಳು ಹಾಕುದು ಮಿಲಿಲೀಟರಿಗೆ 10 ನ್ಯಾನೋಗ್ರಾಂ, ಅಂದ್ರೆ ಮೈಕ್ರೋಗ್ರಾಂನ ನೂರನೇ ಒಂದು ಪಾಲು, ಅಲ್ಲಿಗೆ ಎಂಡೋಟಾಕ್ಸಿನ್ 0.01 ಇಯು. 1 ಇಯು ಅಂದ್ರೆ ಸುಮಾರು 0.1 ನ್ಯಾನೋಗ್ರಾಂ ಎಲ್‌ಪಿಎಸ್, ಹಾಗಾಗಿ ಬಾವಿಗೆ ಬಿದ್ದದ್ದು ಮಿಲಿಲೀಟರಿಗೆ ಹೆಚ್ಚೆಂದ್ರೆ 1 ಪಿಕೋಗ್ರಾಂ. ಇಷ್ಟಕ್ಕೆ ರಾ ಸೆಲ್‌ನಲ್ಲಿ ಆ ಮಟ್ಟದ ನೈಟ್ರೈಟ್ ಏರ್ಲಿಕ್ಕಿಲ್ಲ, ಅದಕ್ಕೆ ನೂರಾರು ಪಿಕೋಗ್ರಾಂ, ನ್ಯಾನೋಗ್ರಾಂ ಲೆಕ್ಕದಲ್ಲಿ ಬೇಕು. ಆದ್ರಿಂದ ಎಲ್‌ಪಿಎಸ್ ಇದ್ರೆ ಅದು ವಯಲ್‌ನದ್ದಲ್ಲ, ಹೊರಗಿನಿಂದ ಸೇರಿದ್ದು.

ಹೊರಗಿನಿಂದ ಸೇರ್ಲಿಕ್ಕೆ ದಾರಿ ಎಷ್ಟು ಅಗಲ ಇತ್ತು ಅಂತ ಗೊತ್ತಾದದ್ದು ಅವಳ ನೋಟ್‌ಬುಕ್ ಓದಿದ ಮೇಲೆ. ನೋಟ್‌ಬುಕ್ ಅವಳು ಬಹಳ ಶಿಸ್ತಲ್ಲಿ ಬರೀತಾಳೆ, ಅದನ್ನು ಹೇಳ್ಲೇಬೇಕು, ಇಲ್ಲದಿದ್ರೆ ಈ ಕೇಸ್ ಬಗೆಹರೀತಾ ಇರ್ಲಿಲ್ಲ. ಸಾಮಾನ್ಯವಾಗಿ ಸ್ಟಾಕ್ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಇಟ್ಟು ಬೇಕಾದಷ್ಟು ತೆಗೆದು ಮೀಡಿಯಂಗೆ ಹಾಕ್ತೇವೆ, ಆಗ ಡೈಲ್ಯುಯೆಂಟ್ (ಪ್ರೋಟೀನ್ ಕರಗಿಸಿದ ದ್ರವ) ಹತ್ತು ಸಾವಿರ ಪಟ್ಟು ತೆಳು ಆಗ್ತದೆ, ಅದರಲ್ಲಿ ಸ್ವಲ್ಪ ಕೊಳೆ ಇದ್ರೂ ಲೆಕ್ಕಕ್ಕೆ ಬರ್ಲಿಕ್ಕಿಲ್ಲ. ಇವಳಿಗೆ ವಯಲ್ ಬೇಗ ಮುಗೀತದೆ ಅಂತ ಹೆದರಿಕೆ, 10 ಮೈಕ್ರೋಗ್ರಾಂಗೆ ಸಾವಿರಾರು ರೂಪಾಯಿ ಕೊಡಬೇಕಲ್ಲ. ಪೈಪೆಟ್‌ನಲ್ಲಿ ಸಣ್ಣ ಅಳತೆ ತಪ್ಪಬಾರದು ಅಂತ ಮೊದಲೇ ಮಿಲಿಲೀಟರಿಗೆ 100 ನ್ಯಾನೋಗ್ರಾಂನ ತೆಳು ವರ್ಕಿಂಗ್ ಸ್ಟಾಕ್ ಮಾಡಿ ಇಟ್ಟಿದ್ಲು, 0.1 ಶೇಕಡಾ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಹಾಕಿದ ಪಿಬಿಎಸ್ ಅಂತ ಉಪ್ಪಿನ ದ್ರಾವಣದಲ್ಲಿ. ಪ್ರತಿ ಸಲ 1 ಮಿಲಿಲೀಟರ್ ಮೀಡಿಯಂನಲ್ಲಿ 100 ಮೈಕ್ರೋಲೀಟರ್ ಅದೇ. ಅಂದ್ರೆ ಸೆಲ್‌ಗಳು ಕುಡೀತಾ ಇದ್ದದ್ದರಲ್ಲಿ ಹತ್ತರಲ್ಲಿ ಒಂದು ಪಾಲು ಡೈಲ್ಯುಯೆಂಟ್.

ಟಿಎನ್‌ಎಫ್ ಸತ್ತದ್ದೂ ಇಲ್ಲೇ. ಟಿಎನ್‌ಎಫ್ ಕೆಲಸ ಮಾಡುದು ಮೂರು ಸರಪಣಿ ಸೇರಿದ ಟ್ರೈಮರ್ ಆಗಿ, ಒಂದೊಂದು ಸುಮಾರು 17 ಕಿಲೋಡಾಲ್ಟನ್. ತೀರ ತೆಳು ಮಾಡಿ ಇಟ್ರೆ ಮೂರೂ ಮೆಲ್ಲ ಬಿಡಿಸಿಕೊಳ್ತವೆ, ಬಿಡಿಸಿಕೊಂಡದ್ದಕ್ಕೆ ರಿಸೆಪ್ಟರ್ ಹಿಡಿಯುವ ಶಕ್ತಿ ಇಲ್ಲ. ಮತ್ತೆ ಆ ಟ್ಯೂಬ್ ಇದ್ದದ್ದು ಮನೆಯಲ್ಲಿ ಇಡುವಂಥ ಫ್ರಾಸ್ಟ್ ಫ್ರೀ ಫ್ರಿಡ್ಜಿನ ಫ್ರೀಜರಿನಲ್ಲಿ. ಅದು ಐಸ್ ಕಟ್ಟಬಾರದು ಅಂತ ಆಗಾಗ ತಾನೇ ಬೆಚ್ಚಗಾಗಿ ಮತ್ತೆ ತಣ್ಣಗಾಗ್ತದೆ, ಮಳೆಗಾಲದ ಕರೆಂಟಿನ ಅವಸ್ಥೆ ಅದರ ಮೇಲೆ, ಮತ್ತೆ ಪ್ರತಿ ಎಕ್ಸ್‌ಪೆರಿಮೆಂಟಿಗೂ ಅದೇ ಟ್ಯೂಬ್ ಕರಗಿಸಿ ಪುನಃ ಹೆಪ್ಪು ಹಾಕುದು. ಬಿಎಸ್‌ಎ ಇದ್ದ ಕಾರಣ ಪ್ಲಾಸ್ಟಿಕ್‌ಗೆ ಅಂಟುದು ಕಡಿಮೆ ಆಗಿರಬಹುದು, ಆದ್ರೆ ಇಷ್ಟೆಲ್ಲ ತಡ್ಕೊಳ್ಳುವಷ್ಟು ಗಟ್ಟಿ ಪ್ರೋಟೀನ್ ಅದಲ್ಲ.

ಎಂಡೋಟಾಕ್ಸಿನ್ ಎಲ್ಲಿಂದ ಅಂತ ಹುಡುಕುವಾಗ ಜೂನ್ ಕೊನೆಯ ಒಂದು ಪುಟದಲ್ಲಿ ಸಿಕ್ಕಿತು ನೋಡಿ. ಬಿಎಸ್‌ಎ ಬಾಟ್ಲಿ ಸ್ವಲ್ಪ ಮಸುಕು ಕಂಡಿತು, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಪುನಃ ಸೋಸಿದೆ, ಈಗ ಕ್ಲಿಯರ್, ಹೊಸ ವರ್ಕಿಂಗ್ ಸ್ಟಾಕ್ ಮಾಡಿದೆ ಅಂತ ನೀಟಾಗಿ ಬರೆದಿದ್ದಾಳೆ.

ಮಸುಕು ಅಂದ್ರೆ ಬ್ಯಾಕ್ಟೀರಿಯಾ ಬೆಳೆದಿದೆ ಅಂತ. ಫಿಲ್ಟರ್ ಬ್ಯಾಕ್ಟೀರಿಯಾವನ್ನು ಹಿಡೀತದೆ, ಅವು ಬಿಟ್ಟ ಎಲ್‌ಪಿಎಸ್ ತೂತಿನಲ್ಲಿ ಸಲೀಸು ದಾಟ್ತದೆ. ಬಂಗುಡೆ ತೆಗೆದ್ರೂ ಪಾತ್ರೆಯ ವಾಸನೆ ಹೋಗ್ಲಿಕ್ಕಿಲ್ಲ ಅಲ್ವಾ, ಹಾಗೆ. ಆಟೋಕ್ಲೇವ್ ಮಾಡಿದ್ರೂ ಅಷ್ಟೇ, 121 ಡಿಗ್ರಿಗೆ ಬ್ಯಾಕ್ಟೀರಿಯಾ ಸಾಯ್ತದೆ, ಎಂಡೋಟಾಕ್ಸಿನ್‌ಗೆ ಅದು ಸಾಲುದಿಲ್ಲ. ಗಾಜಿನ ಸಾಮಾನಿಂದ ಅದನ್ನು ಓಡಿಸ್ಲಿಕ್ಕೆ 250 ಡಿಗ್ರಿ ಒಣ ಬಿಸಿ ಅರ್ಧ ಗಂಟೆ ಬೇಕು. ಅದರ ಮೇಲೆ ಪಿಬಿಎಸ್ ಮಾಡಿದ ನೀರು ಲ್ಯಾಬ್‌ನ ಹಳೇ ಡಿಸ್ಟಿಲೇಶನ್ ಯೂನಿಟ್‌ನದ್ದು, ಕಾಲೇಜಿನ ಬಾವಿ ನೀರು ಹಾಕಿ ಲ್ಯಾಬ್‌ನ ಕೆಲಸದ ಚೇಟ (ಅಣ್ಣ) ಬೆಳಿಗ್ಗೆ ಕ್ಯಾನಿಗೆ ತುಂಬಿಸಿ ಇಡ್ತಾರೆ, ಆ ಕ್ಯಾನ್ ಖಾಲಿ ಆಗುವ ತನಕ ವಾರಗಟ್ಟಲೆ ಮೂಲೆಯಲ್ಲಿ ಇರ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲೂ ಬ್ಯಾಕ್ಟೀರಿಯಾ ಬದುಕ್ತವೆ ಅಂತ ಹೇಳಿದ್ರೆ ಚೇಟ ನಂಬ್ಲೇ ಇಲ್ಲ.

ಆದ್ರೆ ಇದೆಲ್ಲ ಸಂಶಯ ಮಾತ್ರ, ಪುರಾವೆ ಬೇಕು. ಒಂದು ಪ್ಲೇಟ್ ಪ್ಲಾನ್ ಮಾಡಿದೆವು, ಎಲ್ಲ ರಾ ಸೆಲ್‌ನಲ್ಲಿ. ಹಳೇ ವರ್ಕಿಂಗ್ ಸ್ಟಾಕ್ ಹಾಗೇ. ಅದನ್ನೇ ಅರ್ಧ ಗಂಟೆ ಕುದಿಯುವ ನೀರಿನಲ್ಲಿಟ್ಟು ತಣಿಸಿದ್ದು. ಕುದಿಸದ ಹಳೇ ಸ್ಟಾಕ್‌ಗೆ ಪಾಲಿಮಿಕ್ಸಿನ್ ಬಿ ಸೇರಿಸಿದ್ದು, ಇದು ಎಲ್‌ಪಿಎಸ್‌ನ ಲಿಪಿಡ್ ಎ ಭಾಗವನ್ನು ಹಿಡಿದು ಕಟ್ಟಿಹಾಕ್ತದೆ, ಟಿಎನ್‌ಎಫ್‌ಗೆ ಎಂತದೂ ಮಾಡುದಿಲ್ಲ. ಮತ್ತೆ ಟಿಎನ್‌ಎಫ್ ಹಾಕದ ಬರೇ ಡೈಲ್ಯುಯೆಂಟ್, ಅಷ್ಟೇ 100 ಮೈಕ್ರೋಲೀಟರ್. ಈ ಕೊನೆಯದ್ದು ಅವಳ ಪ್ಲೇಟ್‌ಗಳಲ್ಲಿ ಇರ್ಲೇ ಇಲ್ಲ, ಕಂಟ್ರೋಲ್ ಅಂತ ಬರೇ ಮೀಡಿಯಂ ಹಾಕ್ತಾ ಇದ್ಲು. ಹೋಲಿಕೆಗೆ ಗೊತ್ತಿರುವ ಎಲ್‌ಪಿಎಸ್, ಪಾಲಿಮಿಕ್ಸಿನ್ ಹಾಕಿ ಒಮ್ಮೆ, ಹಾಕದೆ ಒಮ್ಮೆ.

ಕುದಿಸಿದ ಟಿಎನ್‌ಎಫ್ ಕುದಿಸದ್ದರಷ್ಟೇ ಹೆಚ್ಚುಕಡಿಮೆ ಕೆಲಸ ಮಾಡಿತು. ಪ್ರೋಟೀನ್ ಆಗಿದ್ರೆ ಕುದಿಸಿದ ಮೇಲೆ ಸತ್ತೇ ಹೋಗಬೇಕಿತ್ತು. ಬರೇ ಡೈಲ್ಯುಯೆಂಟ್ ಕೂಡ ಅದೇ ಎತ್ತರ. ಪಾಲಿಮಿಕ್ಸಿನ್ ಹಾಕಿದ್ದು ಮೀಡಿಯಂ ಕಂಟ್ರೋಲಿನ ಹತ್ತಿರಕ್ಕೆ ಇಳೀತು. ಕುದಿಸುವ ಪರೀಕ್ಷೆ ಒಂದನ್ನೇ ನಂಬಿ ಕೂರಬೇಡಿ, ತುಂಬ ತೆಳು ಇದ್ದ ಎಲ್‌ಪಿಎಸ್ ಕುದಿಸಿದ್ರೆ ಸ್ವಲ್ಪ ಶಕ್ತಿ ಕಳ್ಕೊಳ್ಳುದುಂಟು, ಪಾಲಿಮಿಕ್ಸಿನ್ ಕೂಡ ಬ್ಯಾಕ್ಟೀರಿಯಾದ ಲಿಪೋಪ್ರೋಟೀನಿನಂಥ ಬೇರೆ ತುಂಡುಗಳನ್ನು ಹಿಡಿಯುದಿಲ್ಲ, ಹಾಗಾಗಿ ಎರಡೂ ಬೇಕು, ಡೈಲ್ಯುಯೆಂಟ್ ಕಂಟ್ರೋಲ್ ಅಂತೂ ಬೇಕೇ ಬೇಕು.

ಡೈಲ್ಯುಯೆಂಟನ್ನು ಮಂಗಳೂರಿನ ಒಂದು ಲ್ಯಾಬ್‌ಗೆ ಕೊಟ್ಟು ಎಲ್‌ಎಎಲ್ ಟೆಸ್ಟೂ ಮಾಡಿಸಿದೆವು, ಹಾರ್ಸ್‌ಶೂ ಏಡಿಯ ರಕ್ತಕಣದಿಂದ ಮಾಡಿದ ರಿಯೇಜೆಂಟ್, ಎಂಡೋಟಾಕ್ಸಿನ್ ಇದ್ರೆ 37 ಡಿಗ್ರಿಯಲ್ಲಿ ಒಂದು ಗಂಟೆಗೆ ಜೆಲ್ ಕಟ್ತದೆ, ಟ್ಯೂಬ್ ಉಲ್ಟಾ ಹಿಡಿದ್ರೂ ಬೀಳುದಿಲ್ಲ. ಕಿಟ್‌ನ ಸೂಕ್ಷ್ಮತೆ ಮಿಲಿಲೀಟರಿಗೆ 0.125 ಇಯು. ಸಾವಿರ ಪಟ್ಟು ತೆಳು ಮಾಡಿದ್ದರಲ್ಲೂ ಜೆಲ್ ಕಟ್ಟಿತು, ಹತ್ತು ಸಾವಿರದಲ್ಲಿ ಕಟ್ಟಲಿಲ್ಲ. ಅಂದ್ರೆ ಮಿಲಿಲೀಟರಿಗೆ 125 ಇಯುಗೂ 1250 ಇಯುಗೂ ನಡುವೆ ಎಲ್ಲೋ. ಹತ್ತರಲ್ಲಿ ಒಂದು ಪಾಲು ಬಾವಿಗೆ ಹೋದ್ರೆ ಸೆಲ್‌ಗಳಿಗೆ ಸಿಕ್ಕಿದ್ದು ಮಿಲಿಲೀಟರಿಗೆ 1ರಿಂದ 12 ನ್ಯಾನೋಗ್ರಾಂನಷ್ಟು ಎಲ್‌ಪಿಎಸ್, ಉರಿಯೂತದ ಮಾಡೆಲ್ ಅಂತಲೇ ಎಲ್‌ಪಿಎಸ್ ಹಾಕುವವರ ಡೋಸಿಗೆ ಹತ್ತಿರ ಹತ್ತಿರ. ಲೆಕ್ಕ ಸರಿ ಕೂತಿತು.

ಟೀಚರಿಗೆ ಸಹಜವಾಗಿ ಬೇಜಾರು. ಅವರದ್ದೊಂದು ವಾದ ಇತ್ತು, ಎಲ್‌ಪಿಎಸ್‌ನಿಂದ ಬಂದ ಉರಿಯೂತವನ್ನಾದ್ರೂ ಪುನರ್ಪುಳಿ ಇಳಿಸಿದೆಯಲ್ಲ, ಹೆಡಿಂಗ್ ಬದಲಿಸಿ ಅದೇ ಡೇಟಾ ಹಾಕುವ ಅಂತ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುದಿಲ್ಲ. ಎಷ್ಟು ಎಲ್‌ಪಿಎಸ್, ಯಾವ ಬ್ಯಾಕ್ಟೀರಿಯಾದ್ದು, ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಅದೇ ಪ್ರಮಾಣವಾ, ಎಂತದೂ ಗೊತ್ತಿಲ್ಲದ ಡೇಟಾ ಅದು. ಪುನರ್ಪುಳಿಯಲ್ಲಿರುವ ಗಾರ್ಸಿನಾಲ್ ಅಂತ ರಾಸಾಯನಿಕ ಎಲ್‌ಪಿಎಸ್ ಹಾಕಿದ ಮ್ಯಾಕ್ರೋಫೇಜಿನಲ್ಲಿ ನೈಟ್ರಿಕ್ ಆಕ್ಸೈಡ್ ಇಳಿಸ್ತದೆ ಅಂತ ಮೊದಲೇ ಪೇಪರ್ ಬಂದುಂಟು, ಹಾಗಾಗಿ ಹೊಸತೂ ಅಲ್ಲ. ಬೇಕಾದ್ರೆ ಅಳೆದ ಎಲ್‌ಪಿಎಸ್ ಹಾಕಿ ಪುನಃ ಮಾಡ್ಲಿ. ಸ್ವಲ್ಪ ಮಾತಾಯ್ತು, ಕೊನೆಗೆ ಹುಡುಗಿಯೇ "ನಾನು ಪುನಃ ಮಾಡ್ತೇನೆ ಟೀಚರ್" ಅಂದ್ಲು.

ಈಗ ಅವಳು ಮಾಡುವ ಕ್ರಮ ಇದು. ಹೊಸ ವಯಲನ್ನು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಬರುವ ಹಾಗೆ ಕರಗಿಸಿ, ಒಂದು ಎಕ್ಸ್‌ಪೆರಿಮೆಂಟಿಗೆ ಬೇಕಾದಷ್ಟೇ ಸಣ್ಣ ಸಣ್ಣ ಟ್ಯೂಬ್ ಮಾಡಿ ನಮ್ಮ ಮೈನಸ್ 80ರಲ್ಲಿ ಇಟ್ಟಿದ್ದಾಳೆ, ಕರಗಿಸಿದ್ದರಲ್ಲಿ ಉಳಿದದ್ದು ಪುನಃ ಫ್ರೀಜರಿಗೆ ಹೋಗುದಿಲ್ಲ. ನೀರು ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನ ಸ್ಟೆರೈಲ್ ವಾಟರ್ ಫಾರ್ ಇಂಜೆಕ್ಷನ್, ಆಂಪೂಲ್‌ನದ್ದು, ಅದಕ್ಕೆ ಎಂಡೋಟಾಕ್ಸಿನ್ ಮಿತಿ ಮಿಲಿಲೀಟರಿಗೆ 0.25 ಇಯು, ಕೆಲವೇ ರೂಪಾಯಿಗೆ ಇದಕ್ಕಿಂತ ಒಳ್ಳೆ ನೀರು ನಮ್ಮ ಕಡೆ ಸಿಗ್ಲಿಕ್ಕಿಲ್ಲ. ಬಿಎಸ್‌ಎ ಎಂಡೋಟಾಕ್ಸಿನ್ ಕಡಿಮೆ ಇರುವ ಗ್ರೇಡ್ ತರಿಸಿದ್ದು, ಮುಂದಿನ ಡೈಲ್ಯೂಶನ್ ಎಲ್ಲ ಸೀರಂ ಇರುವ ಕಲ್ಚರ್ ಮೀಡಿಯಂನಲ್ಲೇ, ಅದೂ ಅದೇ ದಿನ. ಪ್ರತಿ ಪ್ಲೇಟ್‌ನಲ್ಲೂ ಡೈಲ್ಯುಯೆಂಟ್ ಒಂದು ಸಾಲು, ಪಾಲಿಮಿಕ್ಸಿನ್ ಒಂದು ಸಾಲು. ಜೊತೆಗೆ ಎಕ್ಸ್‌ಟ್ರಾಕ್ಟ್ ಮಾತ್ರ ಹಾಕಿದ ಕಲರ್ ಬ್ಲ್ಯಾಂಕ್ ಒಂದು ಸಾಲು, ಇದು ನಾನು ಹಠ ಹಿಡಿದು ಸೇರಿಸಿದ್ದು, ಯಾಕೆಂದ್ರೆ ಗ್ರೀಸ್ ರಿಯೇಜೆಂಟ್ ಆಸಿಡ್, ಆಸಿಡ್‌ನಲ್ಲಿ ಪುನರ್ಪುಳಿಯ ಬಣ್ಣ ಇನ್ನೂ ಕೆಂಪಾಗ್ತದೆ, 540ರಲ್ಲಿ ಅದೂ ರೀಡಿಂಗ್ ಕೊಡ್ತದೆ.

ಹೊಸ ಟಿಎನ್‌ಎಫ್ ಒಂದೇ ಹಾಕಿದಾಗ ರಾ ಸೆಲ್‌ನಲ್ಲಿ ನೈಟ್ರೈಟ್ ಹೆಸರಿಗೆ ಮಾತ್ರ ಬಂತು, ಇಂಟರ್‌ಫೆರಾನ್ ಗಾಮಾ ಜೊತೆ ಹಾಕಿದ ಮೇಲೆ ಚೆನ್ನಾಗಿ ಏರಿತು, ಕುದಿಸಿ ಹಾಕಿದ್ರೆ ಆ ಏರಿದ್ದು ಇಲ್ಲ. ಈ ಸೆಟ್‌ನಲ್ಲಿ ಎಕ್ಸ್‌ಟ್ರಾಕ್ಟ್ ನೈಟ್ರೈಟನ್ನು ಸ್ವಲ್ಪ ಇಳಿಸ್ತದೆ, ಮೊದಲಿನ ಮೆಟ್ಟಿಲು ಮೆಟ್ಟಿಲು ಚಂದ ಇಲ್ಲ. ದೊಡ್ಡ ಡೋಸ್‌ನಲ್ಲಿ ಎಂಟಿಟಿ (ಬದುಕಿದ ಸೆಲ್ ಎಷ್ಟು ಅಂತ ತೋರಿಸುವ ಪರೀಕ್ಷೆ) ರೀಡಿಂಗೂ ಇಳಿದಿದೆ, ಅಂದ್ರೆ ಉರಿಯೂತ ಕಡಿಮೆ ಆದದ್ದಾ ಸೆಲ್ಲೇ ಸತ್ತದ್ದಾ ಅಂತ ಬೇರೆ ಮಾಡಿ ನೋಡಬೇಕು, ಸದ್ಯ ಡೋಸ್ ಅರ್ಧಕ್ಕೆ ಇಳಿಸಿ ಪ್ಲೇಟ್ ಹಾಕಿದ್ದಾಳೆ, ಐಎಲ್-6 ಅಂತ ಇನ್ನೊಂದು ಉರಿಯೂತದ ಸೈಟೋಕೈನ್ ಅಳೆಯುವ ಎಲೈಸಾ ಪರೀಕ್ಷೆಗೂ ಸೂಪರ್‌ನೇಟೆಂಟ್ (ಸೆಲ್ ಮೇಲಿನ ಮೀಡಿಯಂ) ತೆಗೆದಿಟ್ಟಿದ್ದಾಳೆ.